ಇ ತಂತಿಗೆ ಲಿವರ್ ಕೀ: 4 ವರ್ಷ ವೇದಿಕೆ ಮೇಲೆ ಬಳಸಿದ ನಂತರ

ಹಾಡುವವರು "ಕಾಳಿ ಏಕ್ ಇಡ್ರಿ" ಅಂದರೆ ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಸುಮ್ಮನಾಗುತ್ತಾರೆ. ಹಾರ್ಮೋನಿಯಂನವರಿಗಂತೂ ಅದು ದಿನದ ರೂಢಿ. ಪೇಚಿಗೆ ಬೀಳುವುದು 4 ತಂತಿಯ ಬೇಸ್ ಗಿಟಾರ್ ಹಿಡಿದವರು. ಕಾಳಿ ಏಕ್ ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್. ಬೇಸಿನ ಅತಿ ಕೆಳಗಿನ ಖಾಲಿ ತಂತಿ ಇ, 41.2 ಹರ್ಟ್ಸ್, ಅದರ ಕೆಳಗೆ ಹೋಗಲು ದಾರಿ ಇಲ್ಲ. ಷಡ್ಜ ಬೇಕಾದರೆ ಎ ತಂತಿಯ 4ನೇ ಫ್ರೆಟ್ಟಿಗೆ (ಫ್ರೆಟ್ ಎಂದರೆ ನೆಕ್ಕಿನ ಮೇಲಿನ ಲೋಹದ ಅಡ್ಡಗೆರೆ), ಅಂದರೆ 69.3 ಹರ್ಟ್ಸ್‌ಗೆ ಹತ್ತಬೇಕು. ಸಫೇದ್ ದೋ, ಅಂದರೆ ಡಿ ಹಿಡಿದರೂ ಇದೇ ಕಥೆ. ತತ್ವಪದಕ್ಕೆ, ಭಜನೆಗೆ, ಬೀದರ್ ಚರ್ಚುಗಳ ಆರಾಧನೆಯ ಹಾಡಿಗೆ ಕೆಳಗಿನ ಷಡ್ಜ ನೆಲದಂತೆ ನಿಲ್ಲಬೇಕು. ಅದು ಒಂದು ಸಪ್ತಕ ಮೇಲಿದ್ದರೆ ಹಾಡು ತೇಲಾಡುತ್ತದೆ.

ಇದಕ್ಕೆ ನಾಲ್ಕೈದು ಉಪಾಯಗಳಿವೆ. ಕಲಬುರಗಿ ಕಡೆಯ ವೇದಿಕೆಗೆ, ಅಂದರೆ ಬಿಸಿಲು, ಧೂಳು, ಜನರೇಟರ್, ಹಾಡಿನಿಂದ ಹಾಡಿಗೆ ಬದಲಾಗುವ ಪಟ್ಟಿ (ಹಾಡುವ ಶ್ರುತಿ) ಇಷ್ಟನ್ನೂ ಎದುರಿಸುವವರಿಗೆ, ಇ ತಂತಿಗೆ ಹಾಕುವ ಲಿವರ್ ಕೀ ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. 5ಕ್ಕೆ 4 ಅಂಕ. ಕಳೆದ ಒಂದು ಅಂಕದಲ್ಲಿ ಲಿವರ್‌ನ ತಪ್ಪಿಗಿಂತ ನಟ್‌ನ, ಅಂದರೆ ತಂತಿ ಕೂರುವ ತುಂಡಿನ, ತಪ್ಪೇ ಹೆಚ್ಚು. ಅದನ್ನು ಮುಂದೆ ಬಿಡಿಸಿ ಹೇಳಿದೆ.

ಅಮೆರಿಕದ ಹಿಪ್‌ಶಾಟ್ ಕಂಪನಿಯ ಬೇಸ್ ಎಕ್ಸ್‌ಟೆಂಡರ್ ಈ ಬಗೆಯಲ್ಲಿ ಹೆಸರಾದದ್ದು. ಅದೇ ತತ್ವದ ಬೇರೆ ಕೀಗಳೂ ಸಿಗುತ್ತವೆ, ಇಲ್ಲಿ ಹೇಳಿದ್ದು ಎಲ್ಲಕ್ಕೂ ಸಲ್ಲುತ್ತದೆ. ಇ ತಂತಿಯ ಮಾಮೂಲಿ ಟ್ಯೂನಿಂಗ್ ಕೀ ಬಿಚ್ಚಿ ಆ ಜಾಗದಲ್ಲಿ ಇದನ್ನು ಕೂರಿಸುತ್ತಾರೆ. ಹಿಂಬದಿಯ ಲಿವರ್ ಒಂದು ಕಡೆ ಇದ್ದಾಗ ಇ. ಎಡಗೈ ಹೆಬ್ಬೆರಳಿನಿಂದ ಇನ್ನೊಂದು ಕಡೆ ತಳ್ಳಿದರೆ ತಂತಿ ಸುತ್ತಿದ ಕಂಬ ಸ್ವಲ್ಪ ತಿರುಗಿ, ಸಡಿಲಾಗಿ, ಡಿಗೆ ಇಳಿಯುತ್ತದೆ. ಎಲ್ಲಿ ನಿಲ್ಲಬೇಕು ಎಂಬುದು ಒಂದು ಸಣ್ಣ ತಡೆ ಸ್ಕ್ರೂ ಕೈಯಲ್ಲಿದೆ. ಬ್ಯಾಟರಿ ಬೇಡ, ವೈರ್ ಬೇಡ. ಅಮೆರಿಕದ ಬೇಸ್ ವಾದಕ ಮೈಕೆಲ್ ಮ್ಯಾನ್ರಿಂಗ್ ಅವರ ಹೈಪರ್‌ಬೇಸ್‌ನಲ್ಲಿ ನಾಲ್ಕೂ ತಂತಿಗೆ ಇಂಥ ಲಿವರ್ ಇವೆ. ನಮ್ಮ ಕೆಲಸಕ್ಕೆ ಒಂದು ಸಾಕು.

ತರಿಸುವ ಮೊದಲು ಹೆಡ್‌ಸ್ಟಾಕ್‌ನ (ಕೀಗಳು ಕೂರುವ ತಲೆಭಾಗದ) ತೂತು ಅಳೆಯಲೇಬೇಕು. 1/2 ಇಂಚು (12.7 ಮಿ.ಮೀ.), 9/16 ಇಂಚು (14.3 ಮಿ.ಮೀ.), 11/16 ಇಂಚು (17.5 ಮಿ.ಮೀ.) ಹೀಗೆ ಬೇಸಿನಿಂದ ಬೇಸಿಗೆ ಬೇರೆ. ಸ್ಕೇಲ್ ಪಟ್ಟಿ ಇಟ್ಟು ಅಂದಾಜು ಮಾಡಿದರೆ ತಪ್ಪುತ್ತದೆ. ಲೇತ್ ಅಂಗಡಿಗೆ ಹೋದರೆ ವರ್ನಿಯರ್ ಸಿಗುತ್ತದೆ, ಎರಡು ನಿಮಿಷದ ಕೆಲಸ. ಮೇಲಿನ ಬುಷ್ (ತೂತಿನ ಲೋಹದ ಬಳೆ) ತೆಗೆದು ತೂತನ್ನೇ ಅಳೆಯಬೇಕು. ಜೊತೆಗೆ ಎರಡು ವಿಷಯ ನೋಡಿ: ಲಿವರ್ ತಿರುಗುವಾಗ ಪಕ್ಕದ ಎ ತಂತಿಯ ಕೀಗೆ ತಾಗುತ್ತದೆಯೇ, ಮತ್ತು ಕೀಗಳು ಎಡಕ್ಕೋ ಬಲಕ್ಕೋ. ಎಡಬಲ ಅದಲುಬದಲಾದ ಕೀ ತರಿಸಿದರೆ ಅದು ಕೂರುವುದೇ ಇಲ್ಲ. ಹಿಂದಿನ ಸ್ಕ್ರೂ ತೂತು ಹೊಂದದಿದ್ದರೆ 2 ಮಿ.ಮೀ. ಬಿಟ್‌ನಿಂದ ಹೊಸದು ಕೊರೆಯಿರಿ. ಸ್ಕ್ರೂ ಬಿಗಿಯುವ ಮೊದಲು ಅದರ ಸುರುಳಿ ಗೀರುಗಳಿಗೆ ಸ್ವಲ್ಪ ಸಾಬೂನು ಸವರಿ. ಮೇಪಲ್ ಮರ ಗಟ್ಟಿ, ಸಣ್ಣ ಸ್ಕ್ರೂ ಒಳಗೇ ಮುರಿದು ಉಳಿದರೆ ತೆಗೆಯುವುದು ಹಿಂಸೆ.

ತಂತಿಯ ದಪ್ಪ ಇಲ್ಲಿ ಮುಖ್ಯ. 34 ಇಂಚಿನ ಸ್ಕೇಲಿನಲ್ಲಿ (ತಂತಿಯ ನುಡಿಯುವ ಉದ್ದ) .105ರ, ಅಂದರೆ 0.105 ಇಂಚು ದಪ್ಪದ, ಇ ತಂತಿಯ ಎಳೆತ ಸುಮಾರು 18 ಕೆ.ಜಿ. ಸ್ವರ ಇಳಿದರೆ ಎಳೆತ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ: ಡಿಗೆ ಬಂದಾಗ ಸುಮಾರು 14.3, ಸಿ ಶಾರ್ಪ್‌ಗೆ 12.7, ಬಿಗೆ ಹೋದರೆ ಬರೀ 10. ಹಾಗಾಗಿ .100ರ ತಂತಿ ಬೇಡ. ಡಿವರೆಗೆ .105 ಸರಿ, ಕಾಳಿ ಏಕ್ ಹೆಚ್ಚು ಬೇಕಾಗುವವರು .110 ಹಾಕಲಿ. ಬಿಗೆ ಇಳಿಸಲು ಕೆಲವು ಲಿವರ್‌ಗೆ ಆಗುತ್ತದೆ, ಆದರೆ ಬರುವುದು ಸ್ವರವಲ್ಲ, ತಂತಿ ಫ್ರೆಟ್ಟಿಗೆ ಬಡಿಯುವ ಸದ್ದು. ಸಡಿಲಾದ ತಂತಿ ಅಗಲವಾಗಿ ಅಲುಗುತ್ತದೆ, ಆದ್ದರಿಂದ 12ನೇ ಫ್ರೆಟ್ಟಿನ ಮೇಲೆ ಇ ತಂತಿಯ ಎತ್ತರ 2 ಮಿ.ಮೀ. ಇದ್ದದ್ದನ್ನು 2.4ರ ಹತ್ತಿರಕ್ಕೆ ಏರಿಸಿಕೊಳ್ಳಿ. ನೆಕ್ಕಿನ ಬಾಗು 7ನೇ ಫ್ರೆಟ್ಟಿನ ಹತ್ತಿರ 0.3ರಿಂದ 0.4 ಮಿ.ಮೀ.

ತಂತಿ ಸುತ್ತುವಾಗ ಕಂಬಕ್ಕೆ ಎರಡೂವರೆ ಸುತ್ತು ಸಾಕು. ಕಂಬ ದಾಟಿ 9ರಿಂದ 10 ಸೆಂ.ಮೀ. ಬಿಟ್ಟು ಕತ್ತರಿಸಿ. ಆದರೆ ಮೊದಲು ಆ ಜಾಗದಲ್ಲಿ 90 ಡಿಗ್ರಿ ಮಡಚಿ, ಆಮೇಲೆ ಕತ್ತರಿ. ಹಾಗೇ ಕತ್ತರಿಸಿದರೆ ಹೊರಗಿನ ಸುತ್ತು ಒಳಗಿನ ಉಕ್ಕಿನ ಎಳೆಯ ಮೇಲೆ ಜಾರಿ ಹೊಸ ತಂತಿಯೇ ಸತ್ತಂತೆ ನುಡಿಯುತ್ತದೆ. ಐದಾರು ಸುತ್ತು ಹಾಕಿದರೆ ಭದ್ರ ಎಂಬುದು ಭ್ರಮೆ: ಲಿವರ್ ತಳ್ಳಿದಾಗೆಲ್ಲ ಆ ಸುತ್ತುಗಳು ಒಂದರ ಮೇಲೊಂದು ಕದಲುತ್ತವೆ, ಪ್ರತಿ ಸಲ ಇ ಬೇರೆ ಬೇರೆ ಜಾಗಕ್ಕೆ ಬಂದು ನಿಲ್ಲುತ್ತದೆ.

ಶ್ರುತಿ ಮಾಡುವ ಕ್ರಮ ತಲೆಕೆಳಗಾದರೆ ಎರಡೂ ಸ್ವರ ಕೈಗೆ ಸಿಗುವುದಿಲ್ಲ. ಮೊದಲು ಲಿವರ್ ಬಿಗಿ ಸ್ಥಾನದಲ್ಲಿಟ್ಟು ಮಾಮೂಲಿ ಕಿವಿ (ಟ್ಯೂನಿಂಗ್ ಕೀಯ ಹಿಡಿ) ತಿರುಗಿಸಿ ಇ ಮಾಡಿ, ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಆಮೇಲೆ ಲಿವರ್ ತಳ್ಳಿ, ಕಿವಿ ಮುಟ್ಟದೆ ತಡೆ ಸ್ಕ್ರೂವಿನಿಂದ ಮಾತ್ರ ಡಿ ಮಾಡಿ. ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಮತ್ತೆ ಇ ನೋಡಿ, ಮತ್ತೆ ಡಿ. ಕ್ಲಿಪ್ ಟ್ಯೂನರ್ ಇಷ್ಟು ಕೆಳಗಿನ ಸ್ವರಕ್ಕೆ ತಡಬಡಿಸುತ್ತದೆ, 12ನೇ ಫ್ರೆಟ್ಟಿನ ಹಾರ್ಮೋನಿಕ್ (ತಂತಿ ಒತ್ತದೆ ಬೆರಳು ಸೋಕಿಸಿ ತೆಗೆಯುವ ಸ್ವರ) ನುಡಿಸಿ ತೋರಿಸಿ. ಟ್ಯೂನರ್ ಇಲ್ಲದಿದ್ದರೂ ಆಗುತ್ತದೆ: ಇಳಿಸಿದ ತಂತಿಯ 12ನೇ ಫ್ರೆಟ್ಟಿನ ಹಾರ್ಮೋನಿಕ್ ಮತ್ತು ಖಾಲಿ ಡಿ ತಂತಿ ಎರಡೂ 73.4 ಹರ್ಟ್ಸ್, ಕೂಡಿಸಿ ನುಡಿಸಿದಾಗ ಅಲೆ ನಿಂತರೆ ಶ್ರುತಿ ಸೇರಿದೆ. ಸಿ ಶಾರ್ಪ್‌ಗಾದರೆ ಅದೇ ಹಾರ್ಮೋನಿಕ್ಕನ್ನು ಎ ತಂತಿಯ 4ನೇ ಫ್ರೆಟ್ಟಿನ ಜೊತೆ ಹೊಂದಿಸಿ. ಒಂದು ತಡೆ ಸ್ಕ್ರೂ ಒಂದೇ ಸ್ವರ ನೆನಪಿಡುತ್ತದೆ. ಡಿ ಮತ್ತು ಸಿ ಶಾರ್ಪ್ ಎರಡೂ ಬೇಕಾದರೆ ಸ್ಕ್ರೂವಿನ ತಲೆಗೆ ನೇಲ್ ಪಾಲಿಶ್‌ನಿಂದ ಗುರುತು ಹಾಕಿ, ಎಷ್ಟು ಸುತ್ತು ಅಂತರ ಎಂದು ಎಣಿಸಿಟ್ಟುಕೊಳ್ಳಿ. ಹಾಡುಗಳ ನಡುವೆ ಅರ್ಧ ನಿಮಿಷ ಬೇಕು.

ಈಗ ನಟ್. ತಂತಿಗಳು ನೆಕ್ಕಿನ ತುದಿಯಲ್ಲಿ ಕೂರುವ ಆ ಬಿಳಿ ತುಂಡು. "ಲಿವರ್ ಸರಿ ಇಲ್ಲ, ಶ್ರುತಿ ನಿಲ್ಲುವುದಿಲ್ಲ" ಎಂದು ಬರುವ ದೂರಿನಲ್ಲಿ ಬಹುಪಾಲು ಇದರದ್ದೇ. ಪತ್ತೆ ಮಾಡುವುದು ಸುಲಭ. ಲಿವರ್ ಇಳಿಸಿದ ಕೂಡಲೇ ಡಿ ಸ್ವಲ್ಪ ಏರಿದ್ದು, ತಂತಿಯನ್ನು ಜೋರಾಗಿ ಮೀಟಿದ ಮೇಲೆ ಕೆಳಗೆ ಬಂದು ಕೂತರೆ, ಹಾಗೆಯೇ ಮೇಲೆ ತಂದಾಗ ಇ ಸ್ವಲ್ಪ ಇಳಿದಿದ್ದು ಮೀಟಿದ ಮೇಲೆ ಏರಿದರೆ, ತಂತಿ ನಟ್‌ನ ಗಾಡಿಯಲ್ಲಿ (ತಂತಿ ಕೂರುವ ಸೀಳಿನಲ್ಲಿ) ಸಿಕ್ಕಿಕೊಳ್ಳುತ್ತಿದೆ. ಕಂಬದ ಕಡೆ ಸಡಿಲಾದರೂ ನುಡಿಯುವ ಭಾಗಕ್ಕೆ ಅದು ತಲುಪಿರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಡಿ ಪ್ರತಿ ಸಲ ಇನ್ನಷ್ಟು ಕೆಳಗೆ ಇಳಿಯುತ್ತಾ ಹೋದರೆ ತಡೆ ಸ್ಕ್ರೂ ಅದುರಿ ಸಡಿಲಾಗಿದೆ ಅಥವಾ ಕಂಬದ ಮೇಲೆ ಸುತ್ತು ಜಾರುತ್ತಿದೆ. ನಟ್‌ಗೆ ಮದ್ದು: ಹಳೆಯ .105 ತಂತಿಯ ತುಂಡಿಗೆ 400 ನಂಬರಿನ ಪಾಲಿಶ್ ಪೇಪರ್ ಸುತ್ತಿ, ಕಂಬದ ಕಡೆಗೆ ತುಸು ಇಳಿಜಾರಾಗಿ, ಗಾಡಿಯ ಎರಡು ಗೋಡೆಯನ್ನು ಮಾತ್ರ ಉಜ್ಜಬೇಕು. ತಳ ಉಜ್ಜಿದರೆ ಖಾಲಿ ತಂತಿ ಮೊದಲ ಫ್ರೆಟ್ಟಿಗೆ ಬಡಿಯುತ್ತದೆ, ಆಗ ನಟ್ಟೇ ಬದಲಿಸಬೇಕಾಗುತ್ತದೆ. ಕೊನೆಗೆ 2ಬಿ ಪೆನ್ಸಿಲ್ ಪುಡಿ ತುಂಬಿ. ಎಣ್ಣೆ ಬೇಡವೇ ಬೇಡ. ನಮ್ಮ ಕಡೆಯ ಧೂಳಿಗೆ ಎಣ್ಣೆ ಸೇರಿದರೆ ಎರಡು ಜಾತ್ರೆಯೊಳಗೆ ಅದು ಅಂಟಿನಂತಾಗುತ್ತದೆ. ಲಿವರ್‌ನ ಒಳಭಾಗಕ್ಕೂ ಇದೇ ಮಾತು, ಒಣ ಬ್ರಷ್‌ನಿಂದ ಝಾಡಿಸಿ ಬಿಡಿ.

ಬಿಸಿಲಿನ ಲೆಕ್ಕ ಬೇರೆ. ಏಪ್ರಿಲ್, ಮೇನಲ್ಲಿ ಕಲಬುರಗಿ, ಯಾದಗಿರಿಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಉಕ್ಕು ಕಾಯ್ದು ಹಿಗ್ಗಿದರೆ ಸ್ವರ ಇಳಿಯುತ್ತದೆ, ಅದು ಎಲ್ಲಾ ತಂತಿಗೂ ಆಗುವುದೇ. ಆದರೆ ಸಡಿಲಾದ ತಂತಿ ಹೆಚ್ಚು ಇಳಿಯುತ್ತದೆ: ಅದೇ ಕಾವಿಗೆ ಡಿಯಲ್ಲಿ ಇಗಿಂತ ಕಾಲು ಪಾಲು ಹೆಚ್ಚು, ಸಿ ಶಾರ್ಪ್‌ನಲ್ಲಿ ಸುಮಾರು ಶೇ. 40 ಹೆಚ್ಚು. ಅದಕ್ಕೇ ಸಂಜೆ 5ಕ್ಕೆ ಪೆಂಡಾಲಿನಲ್ಲಿ ಕೂಡಿಸಿದ ಡಿ ರಾತ್ರಿ 10ಕ್ಕೆ ಏರಿರುತ್ತದೆ, ಇ ಅಷ್ಟಾಗಿ ಏರಿರುವುದಿಲ್ಲ. ಬೀದರಿನ ಡಿಸೆಂಬರ್ ರಾತ್ರಿಯ ಬಯಲು ಕಾರ್ಯಕ್ರಮದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಪರಿಹಾರ ಒಂದೇ, ವಿರಾಮದಲ್ಲಿ ಎರಡೂ ಸ್ಥಾನ ನೋಡಿಕೊಳ್ಳುವುದು. ಬರೀ ಇ ನೋಡಿ ಬಿಟ್ಟರೆ ಸಾಲದು. ಇನ್ನೊಂದು ಸೂಕ್ಷ್ಮ: ಇ ಸಡಿಲಾದಾಗ ನೆಕ್ಕಿನ ಮೇಲಿನ ಒಟ್ಟು ಎಳೆತ ತಗ್ಗಿ ಉಳಿದ ಮೂರು ತಂತಿ ಕೂದಲೆಳೆಯಷ್ಟು ಏರುತ್ತವೆ. ತೆಳು ನೆಕ್ಕಿನ ಬೇಸಿನಲ್ಲಿ ಟ್ಯೂನರ್ ಅದನ್ನು ತೋರಿಸುತ್ತದೆ, ಕೇಳುವವರ ಕಿವಿಗೆ ಬೀಳುವಷ್ಟಲ್ಲ.

ನುಡಿಸುವಾಗ ಲಿವರ್ ತಳ್ಳುವ ಮೊದಲು ಬಲಗೈಯಿಂದ ತಂತಿ ಮುಚ್ಚಿ, ಇಲ್ಲವಾದರೆ ಸ್ವರ ಜಾರುವುದು ಮೈಕಿಗೆಲ್ಲ ಕೇಳುತ್ತದೆ. ಡಿಯಲ್ಲಿರುವಾಗ 4ನೇ ತಂತಿಯ (ಅಂದರೆ ಇ ತಂತಿಯ) ಜಿ 3ನೇ ಫ್ರೆಟ್ಟಿನಲ್ಲಿ ಇಲ್ಲ, 5ರಲ್ಲಿದೆ. ಸಿ ಶಾರ್ಪ್‌ನಲ್ಲಿ 6ರಲ್ಲಿ. ಬೆರಳು ಹಳೆ ಜಾಗಕ್ಕೇ ಹೋಗುತ್ತದೆ. ಆದ್ದರಿಂದ ಇಳಿಸಿದ ತಂತಿಯನ್ನು ಖಾಲಿ ಷಡ್ಜಕ್ಕೆ ಮಾತ್ರ ಇಟ್ಟುಕೊಂಡು, ಮಿಕ್ಕದ್ದನ್ನು ಎ ತಂತಿಯಿಂದ ಮೇಲೆ ನುಡಿಸುವುದು ಜಾಣತನ.

ಬೇರೆ ದಾರಿಗಳ ಬಗ್ಗೆ. ಪಿಚ್ ಇಳಿಸುವ ಪೆಡಲ್, ಉದಾಹರಣೆಗೆ ಡಿಜಿಟೆಕ್ ಡ್ರಾಪ್, ನಾಲ್ಕೂ ತಂತಿಯನ್ನು ಒಟ್ಟಿಗೆ 1ರಿಂದ 7 ಅರ್ಧಸ್ವರದವರೆಗೆ ಇಳಿಸುತ್ತದೆ, ಬೆರಳಿನ ಜಾಗ ಬದಲಾಗುವುದಿಲ್ಲ. ಕೀಬೋರ್ಡ್‌ನವರ ಟ್ರಾನ್ಸ್‌ಪೋಸ್‌ಗೆ ಸರಿಸಾಟಿ ಇದೊಂದೇ. ಕಾಳಿ ಏಕ್‌ನಿಂದ ಸಫೇದ್ ಏಕ್‌ಗೆ (ಸಿ), ಅಲ್ಲಿಂದ ಇನ್ನೊಂದಕ್ಕೆ ಹಾರುತ್ತಲೇ ಇರುವ ಆರ್ಕೆಸ್ಟ್ರಾಕ್ಕೆ ಪೆಡಲ್ಲೇ ಮೇಲು ಎಂದು ಒಪ್ಪಬೇಕು. ಆದರೆ ಅದು ಡಿಜಿಟಲ್: ಮೀಟಿದ್ದಕ್ಕೂ ಕೇಳಿದ್ದಕ್ಕೂ ತುಸು ತಡ, ಹೆಚ್ಚು ಇಳಿಸಿದಷ್ಟೂ ಸ್ವರದ ಅಂಚು ಮೊಂಡು. ಬ್ಯಾಟರಿ ಹಿಡಿಯುವುದಿಲ್ಲ, ಅಡಾಪ್ಟರೇ ಬೇಕು. ಜನರೇಟರ್‌ಗೆ ಬದಲಾಯಿಸುವಾಗ ಕರೆಂಟ್ ಅರ್ಧ ಸೆಕೆಂಡ್ ಹೋದರೂ ಹಾಡಿನ ನಡುವೆ ಬೇಸ್ ಬೇರೆ ಪಟ್ಟಿಗೆ ಜಿಗಿಯುತ್ತದೆ. ಬಾಸ್ ಕಂಪನಿಯ ಒಸಿ-2, ಒಸಿ-5ರಂಥ ಆಕ್ಟೇವ್ ಪೆಡಲ್‌ಗಳನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅವು ಒಂದು ಸಪ್ತಕ ಕೆಳಗಿನದನ್ನು ಸೇರಿಸುತ್ತವೆ, ಶ್ರುತಿ ಇಳಿಸುವುದಿಲ್ಲ.

5 ತಂತಿ ಸೆಟ್ಟಿನ ದಪ್ಪ ನಾಲ್ಕನ್ನು (.130, .100, .080, .065) ಹಾಕಿ ಬಿ, ಇ, ಎ, ಡಿ ಮಾಡಿಕೊಳ್ಳುವುದು ಅಗ್ಗದ ದಾರಿ. ಆದರೆ ನಟ್ ಗಾಡಿ 2.7ರಿಂದ 3.3 ಮಿ.ಮೀ.ಗೆ ಅಗಲಿಸಬೇಕು, ಬ್ರಿಜ್ ಸ್ಯಾಡಲ್ (ಇನ್ನೊಂದು ತುದಿಯಲ್ಲಿ ತಂತಿ ಕೂರುವ ತುಂಡು) ಹಿಂದೆ ಸರಿಸಬೇಕು, ಜಿ ತಂತಿಯನ್ನು ಬಿಟ್ಟುಕೊಡಬೇಕು. ಮತ್ತೆ ಹಳೆಯದಕ್ಕೆ ಮರಳಬೇಕೆಂದರೆ ಹೊಸ ನಟ್. ಶುದ್ಧ 5 ತಂತಿಯ ಬೇಸ್ ಇದ್ದರೆ ಇದ್ಯಾವುದೂ ಬೇಡ, ದುಡ್ಡಿದ್ದರೆ ಅದೇ ತಗೊಳ್ಳಿ. ಹಾಡುಗಳ ನಡುವೆ ಕೈಯಿಂದಲೇ ಕಿವಿ ತಿರುಗಿಸಿ ಇಳಿಸುವುದು ತುರ್ತಿಗೆ ಮಾತ್ರ.

ಸೌಂಡ್‌ನವರಿಗೆ ಒಂದು ಮಾತು ಮೊದಲೇ ಹೇಳಿಡಿ. ಕೆಳಗಿನ ಡಿ 36.7 ಹರ್ಟ್ಸ್, 5 ತಂತಿಯ ಬಿ 30.9. ಬಯಲಿನಲ್ಲಿ ಇಡುವ ಬಾಕ್ಸ್‌ಗಳು ಬಹಳಷ್ಟು ಅಲ್ಲಿಯವರೆಗೆ ಇಳಿಯುವುದೇ ಇಲ್ಲ. ಜನ ಕೇಳುವುದು ಡಿಯ ಎರಡನೇ ಹಾರ್ಮೋನಿಕ್, ಅಂದರೆ ಎರಡರಷ್ಟು ಕಂಪನದ 73 ಹರ್ಟ್ಸ್. "ಬೇಸ್ ಕೇಳ್ತಿಲ್ಲ" ಎಂದು 40 ಹರ್ಟ್ಸ್ ಏರಿಸಿದರೆ ಆಂಪ್ಲಿಫೈಯರ್ ಬಳಲಿ ಸ್ಪೀಕರಿನ ಕೋನ್ ಹೊಡೆದುಕೊಳ್ಳುತ್ತದೆ ಅಷ್ಟೆ. 30 ಹರ್ಟ್ಸ್ ಕೆಳಗೆ ಕತ್ತರಿಸಿ, 70ರಿಂದ 80ರ ನಡುವೆ 2 ಡೆಸಿಬಲ್ ಏರಿಸಲು ಹೇಳಿ.

ತಿಂಗಳಿಗೊಮ್ಮೆ ಹಿಂಬದಿ ಸ್ಕ್ರೂ, ಮೇಲಿನ ಬುಷ್ ಬಿಗಿ ನೋಡಿ. ಚೀಲಕ್ಕೆ ಹಾಕುವಾಗ ಲಿವರ್ ಇ ಸ್ಥಾನದಲ್ಲಿರಲಿ, ಜಿಪ್‌ಗೆ ಸಿಕ್ಕಿ ಬಾಗಿದರೆ ಆಟ ಕೆಡುತ್ತದೆ. ಇ ತಂತಿ ಉಳಿದವಕ್ಕಿಂತ ಬೇಗ ಸವೆಯುತ್ತದೆ, ಏಕೆಂದರೆ ಲಿವರ್ ಆಡಿಸಿದಾಗೆಲ್ಲ ಅದು ಕಂಬದ ಅಂಚಿನಲ್ಲೂ ನಟ್‌ನ ಮೇಲೂ ಅದೇ ಜಾಗದಲ್ಲಿ ಬಾಗಿ ನೆಟ್ಟಗಾಗುತ್ತದೆ. ಸೀಸನ್ನಿನಲ್ಲಿ ವಾರಕ್ಕೆರಡು ಕಾರ್ಯಕ್ರಮ ಇರುವವರು ಮೂರು ತಿಂಗಳಿಗೊಮ್ಮೆ ಆ ಒಂದು ತಂತಿ ಬದಲಿಸಿ. ಬಿಡಿಯಾಗಿ ಸಿಗುವುದು ಕಷ್ಟ. ಹೈದರಾಬಾದಿನಿಂದ ತರಿಸುವಾಗ ಎರಡು ಹೆಚ್ಚಿಗೆ ತರಿಸಿ, ಒಂದು ಚೀಲದಲ್ಲೇ ಇರಲಿ.