ದೊಡ್ಡ ಚಕ್ರ ಹಾಕಿಸಿದ ಮೇಲೆ ಸಸ್ಪೆನ್ಷನ್: ಮೈಸೂರು–ಮಂಡ್ಯ ರಸ್ತೆಯಲ್ಲಿ ಒಂದು ವರ್ಷದ ಲೆಕ್ಕ

ನನ್ನದು 2018ರ ಮಾರುತಿ ಸ್ವಿಫ್ಟ್, ಪೆಟ್ರೋಲ್ ವಿಎಕ್ಸ್‌ಐ. ಷೋರೂಮಿನಿಂದ ಮನೆಗೆ ಬಂದಾಗ ಅದಕ್ಕಿದ್ದದ್ದು 165/80 ಆರ್14 ಅಳತೆಯ ಟೈರು, ಕಬ್ಬಿಣದ ಡಿಸ್ಕು ಮತ್ತು ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಕುವೆಂಪುನಗರದ ಮನೆಯಿಂದ ಮಂಡ್ಯದ ಕಚೇರಿಗೆ ವಾರದಲ್ಲಿ ಐದು ದಿನ, ಭಾನುವಾರ ಪಾಂಡವಪುರದ ಕಡೆಯ ನಮ್ಮೂರಿಗೆ ಒಂದು ಸಲ ಎಂದು ಓಡಿಸುತ್ತ ಎಪ್ಪತ್ತು ಸಾವಿರ ಕಿಲೋಮೀಟರ್ ದಾಟುವ ಹೊತ್ತಿಗೆ ಎರಡನೆಯ ಸಲ ಹಾಕಿಸಿದ ಟೈರುಗಳೂ ಸವೆದಿದ್ದವು. ಹೇಗೂ ಟೈರು ಕೊಳ್ಳಬೇಕಲ್ಲ ಎಂಬ ನೆಪದಲ್ಲಿ 16 ಇಂಚಿನ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರ) ಮತ್ತು 195/55 ಟೈರು ಹಾಕಿಸಿದೆ. ಆಮೇಲಿನ ಒಂದು ವರ್ಷದಲ್ಲಿ ಸಸ್ಪೆನ್ಷನ್ (ಚಕ್ರಕ್ಕೂ ಕಾರಿನ ಮೈಗೂ ನಡುವೆ ಪೆಟ್ಟು ತಡೆಯುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮುಂತಾದವು) ಸರಿಪಡಿಸಲೆಂದು ನಾನು ವಿಚಾರಿಸಿದ, ಹಾಕಿಸಿದ, ಬಿಚ್ಚಿಸಿದ ಸಾಮಾನುಗಳ ವಿಮರ್ಶೆ ಇದು. ಕೈಬಿಚ್ಚಿ ಖರ್ಚು ಮಾಡಬಲ್ಲವರಿಗೆ ಇದರಲ್ಲಿ ಹೆಚ್ಚೇನೂ ಸಿಗಲಾರದು. ಇಪ್ಪತ್ತು ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಯಬೇಕು ಎನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಅಳತೆಯ ವಿಚಾರ. ಟೈರಿನ ಅಂಕಿಗಳಲ್ಲಿ ಮೊದಲನೆಯದು ಮಿ.ಮೀ. ಲೆಕ್ಕದಲ್ಲಿ ಅಗಲ, ಎರಡನೆಯದು ಪಕ್ಕದ ಗೋಡೆ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ಚಕ್ರದ ವ್ಯಾಸ ಇಂಚಿನಲ್ಲಿ. 165/80 ಆರ್14 ಟೈರಿನ ಒಟ್ಟು ವ್ಯಾಸ ಸುಮಾರು 620 ಮಿ.ಮೀ.; 195/55 ಆರ್16ರದ್ದು 621. ಹೊರಗಿನ ಅಳತೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ, ನೆಲದಿಂದ ಕಾರಿನ ಎತ್ತರವೂ ಬದಲಾಗುವುದಿಲ್ಲ. ಅಂಗಡಿಯವರು ಹೇಳುವುದು ಇಷ್ಟನ್ನೇ, ಮತ್ತು ಇಷ್ಟರ ಮಟ್ಟಿಗೆ ಅದು ನಿಜ. ಅವರು ಹೇಳದೆ ಬಿಡುವುದು ಟೈರಿನ ಪಕ್ಕದ ಗೋಡೆಯ ಲೆಕ್ಕವನ್ನು. 165ರಲ್ಲಿ ಶೇಕಡಾ 80 ಎಂದರೆ 132 ಮಿ.ಮೀ.; 195ರಲ್ಲಿ ಶೇಕಡಾ 55 ಎಂದರೆ 107. ರಸ್ತೆಯ ಪೆಟ್ಟನ್ನು ಎಲ್ಲಕ್ಕಿಂತ ಮೊದಲು ನುಂಗಿಕೊಳ್ಳುವ ಗಾಳಿ ತುಂಬಿದ ರಬ್ಬರಿನಲ್ಲಿ ಒಂದು ಇಂಚು ಕಡಿಮೆಯಾಯಿತು. ಅದು ನುಂಗುತ್ತಿದ್ದ ಪೆಟ್ಟು ಈಗ ನೇರವಾಗಿ ಬುಷ್‌ಗಳಿಗೆ (ಕೀಲುಗಳೊಳಗಿನ ರಬ್ಬರು), ಸ್ಟ್ರಟ್ (ಸ್ಪ್ರಿಂಗ್ ಜೊತೆಗೂಡಿದ ಮುಂದಿನ ಶಾಕ್ ಅಬ್ಸಾರ್ಬರ್) ಕೂರುವ ಮೌಂಟ್‌ಗಳಿಗೆ, ಬೇರಿಂಗ್‌ಗಳಿಗೆ ದಾಟುತ್ತದೆ. ಈಗ ಜೆಕೆ ಟೈರ್ ಆಗಿರುವ ವಿಕ್ರಾಂತ್ ಕಾರ್ಖಾನೆಯನ್ನು ಮೇಟಗಳ್ಳಿಯಲ್ಲಿ ಇಟ್ಟುಕೊಂಡ ಊರಿನವರಾದರೂ ಟೈರಿನ ಗೋಡೆಯ ಮೇಲಿನ ಅಂಕಿಗಳನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆಯೇ. ನಾನೂ ಓದಿದ್ದು ಹಣ ಕೊಟ್ಟ ಮೇಲೆ.

ಎರಡನೆಯದು ತೂಕ. ಅಲಾಯ್ ಎಂದರೆ ಹಗುರ ಎಂದು ನಾನು ನಂಬಿದ್ದೆ. ನಮ್ಮೂರಿನ ಆಲೆಮನೆಯಲ್ಲಿ ಬೆಲ್ಲ ತೂಗುವ ತಕ್ಕಡಿಯ ಮೇಲೆ ಡಿಕ್ಕಿಯಲ್ಲಿದ್ದ 14 ಇಂಚಿನ ಸ್ಟೆಪ್ನಿಯನ್ನೂ ಬಿಚ್ಚಿದ ಹೊಸ ಚಕ್ರವನ್ನೂ ಒಂದಾದ ಮೇಲೊಂದು ಇಟ್ಟು ನೋಡಿದಾಗ ಹಳೆಯದು 13 ಕಿಲೋ 800 ಗ್ರಾಂ, ಹೊಸದು 17 ಕಿಲೋ 200 ಗ್ರಾಂ ತೂಗಿತು. ಕಡಿಮೆ ಬೆಲೆಯ ಎರಕದ ಅಲಾಯ್‌ಗಳು ದಪ್ಪವಾಗಿರುತ್ತವೆ. ಅಗಲದ ಟೈರಿನ ತೂಕ ಅದರ ಮೇಲೆ ಸೇರುತ್ತದೆ. ಈ ಮೂರು ಚಿಲ್ಲರೆ ಕಿಲೋ ಇರುವುದು ಸ್ಪ್ರಿಂಗಿನ ಕೆಳಗೆ ಎಂಬುದು ಮುಖ್ಯ. ಸ್ಪ್ರಿಂಗ್ ಹೊರುವುದು ಕಾರಿನ ಮೈಯ ಭಾರವನ್ನು, ಅದು ಮೊದಲಿನಷ್ಟೇ ಇದೆ. ಗುಂಡಿಗೆ ಇಳಿದು ಮೇಲೆದ್ದು ಕುಣಿಯುವ ಚಕ್ರವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ, ಮತ್ತು ಹೆಚ್ಚಿದ್ದು ಅದರ ಕೆಲಸ. ಇದನ್ನು ಮೊದಲೇ ಅರಿತಿದ್ದರೆ ಮುಂದೆ ಹೇಳುವ ರಬ್ಬರ್ ಬಫರ್‌ಗಳಿಗೆ ನಾನು 2,400 ರೂಪಾಯಿ ಕೊಡುತ್ತಿರಲಿಲ್ಲ.

ಹೊಸ ಚಕ್ರದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ಕಾರು ಚೆನ್ನಾಗಿಯೇ ಓಡಿತು. ತಿರುವಿನಲ್ಲಿ ಮೊದಲಿಗಿಂತ ಗಟ್ಟಿಯಾಗಿ ಕೂತಂತೆ ಅನ್ನಿಸಿತು ಕೂಡ. ತೊಂದರೆ ಶುರುವಾದದ್ದು ಹೆದ್ದಾರಿ ಬಿಟ್ಟು ಇಳಿದಾಗ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಅಂಚು ಒಡೆದ ರಸ್ತೆಗಳಲ್ಲಿ ಪ್ರತಿಯೊಂದು ಸಣ್ಣ ಏರುಪೇರೂ ಸ್ಟೇರಿಂಗಿಗೆ ಬಂದು ತಟ್ಟುತ್ತಿತ್ತು; ಉಬ್ಬು ದಾಟಿದ ಮೇಲೆ ಹಿಂಭಾಗ ಎರಡು ಮೂರು ಸಲ ಎದ್ದು ಕೂರುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಎರಡನೆಯ ಭಾನುವಾರವೇ "ಇದಕ್ಕಿಂತ ಬಸ್ಸೇ ವಾಸಿ ಕಣಪ್ಪ" ಎಂದುಬಿಟ್ಟರು.

ಚಕ್ರ ಮಾರಿದ ಅಂಗಡಿಯವರು ಸೂಚಿಸಿದ್ದು ಸ್ಪ್ರಿಂಗಿನ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್‌ಗಳನ್ನು. ನಾಲ್ಕು ಚಕ್ರಕ್ಕೆ ನಾಲ್ಕು, ಅರ್ಧ ಗಂಟೆಯ ಕೆಲಸ. ಕಾರು ತುಸು ಎತ್ತರವಾಯಿತು, ಐದು ಜನ ಕೂತಾಗ ಹಿಂಭಾಗ ಕುಸಿಯುವುದು ನಿಂತಿತು; ಮೊದಲ ವಾರ ನನಗೂ ಸಮಾಧಾನವೇ ಆಯಿತು. ಆದರೆ ಬಫರ್ ಮಾಡುವುದೇನೆಂದರೆ, ತಾನು ಕೂತ ಸುರುಳಿಯನ್ನು ಕದಲದಂತೆ ಹಿಡಿದು ಉಳಿದ ಸುರುಳಿಗಳಿಗೇ ಎಲ್ಲ ಕೆಲಸವನ್ನೂ ಹೊರಿಸುತ್ತದೆ. ಕೆಲಸ ಮಾಡುವ ಸುರುಳಿಗಳು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡಸಾಗುತ್ತದೆ, ಗಡಸಾದ ಸ್ಪ್ರಿಂಗ್ ಇನ್ನಷ್ಟು ಬಲದಿಂದ ಹಿಂದಕ್ಕೆ ಒದೆಯುತ್ತದೆ, ಆ ಒದೆತವನ್ನು ತಡೆಯಬೇಕಾದ್ದು ಅದೇ ದಣಿದ ಶಾಕ್ ಅಬ್ಸಾರ್ಬರ್. ನಾಲ್ಕನೆಯ ತಿಂಗಳಲ್ಲಿ ಬಿಚ್ಚಿದಾಗ ಮುಂದಿನ ಎಡಗಡೆಯ ಬಫರ್ ಅರ್ಧಕ್ಕೆ ಸೀಳಿತ್ತು. ಸೀಳಿನೊಳಗೆ ಸೇರಿದ್ದ ಕೆಮ್ಮಣ್ಣು ಉಪ್ಪುಕಾಗದದಂತೆ ಉಜ್ಜಿ ಸುರುಳಿಯ ಕಪ್ಪು ಬಣ್ಣವನ್ನು ಎರಡು ಬೆರಳಗಲ ಕಿತ್ತುಹಾಕಿತ್ತು, ಅಲ್ಲಿ ಆಗಲೇ ತುಕ್ಕು ಹಿಡಿದಿತ್ತು. ಸ್ಪ್ರಿಂಗ್ ಮುರಿಯುವುದು ಇಂಥ ಗಾಯದಿಂದಲೇ. ಸದಾ ಭಾರ ಹೊರುವ ಹಳೆಯ ಟ್ಯಾಕ್ಸಿಗೆ ಇದು ತಾತ್ಕಾಲಿಕ ಉಪಾಯವಾದೀತು. ದೊಡ್ಡ ಚಕ್ರ ಹಾಕಿಸಿದವರಿಗೆ ಇದನ್ನು ನಾನು ಶಿಫಾರಸು ಮಾಡಲಾರೆ.

ಕಾರನ್ನು ಕೆಳಕ್ಕಿಳಿಸುವ ಸ್ಪ್ರಿಂಗ್‌ಗಳ ಬಗ್ಗೆಯೂ ವಿಚಾರಿಸಿದೆ. ನನಗೆ ಹೇಳಿದ ಬೆಲೆ ಇಪ್ಪತ್ತೆರಡು ಸಾವಿರ. ಎತ್ತರ ಹೊಂದಿಸಬಹುದಾದ ಕಾಯಿಲೋವರ್ ಬೇಕೆಂದರೆ ಅದರ ಮೂರರಷ್ಟು. ದೊಡ್ಡ ಚಕ್ರದ ಮೇಲಿನ ಖಾಲಿ ಜಾಗ ಮುಚ್ಚಿ ಕಾರು ಚೆಂದ ಕಾಣುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸ್ವಿಫ್ಟಿನ ಹೊಟ್ಟೆ ನೆಲದಿಂದ ಇರುವುದೇ 163 ಮಿ.ಮೀ. ಎತ್ತರದಲ್ಲಿ, ಅದೂ ಖಾಲಿ ಕಾರಿಗೆ. ಅದರಲ್ಲಿ 30 ಮಿ.ಮೀ. ಇಳಿಸಿದರೆ ಉಳಿಯುವುದು 133. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರಸ್ತೆಯ ಉಬ್ಬು 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರವಿರಬೇಕು. ನಮ್ಮ ಹಳ್ಳಿಗಳ ಮುಂದಿನ ಉಬ್ಬುಗಳು ಎತ್ತರದಲ್ಲಿ ಅದನ್ನು ಮೀರಿಸಿ ಅಗಲದಲ್ಲಿ ಅದರ ಕಾಲುಭಾಗಕ್ಕೂ ಬಾರದಂಥವು. ಈ ವಿಚಾರವನ್ನು ಅಲ್ಲಿಗೇ ಕೈಬಿಟ್ಟೆ.

ಕೊನೆಗೆ ಕೆಲಸ ಮಾಡಿಸಿದ್ದು ಬನ್ನಿಮಂಟಪದ ಕಡೆಯ ಒಂದು ಸಣ್ಣ ಗ್ಯಾರೇಜಿನಲ್ಲಿ. ಅಲ್ಲಿನ ಹಿರಿಯ ಮೇಸ್ತ್ರಿ ಕಾರನ್ನು ಲಿಫ್ಟಿಗೆ ಹತ್ತಿಸುವ ಮೊದಲೇ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಎರಡೂ ಕೈಯಿಂದ ಒತ್ತಿ ಬಿಟ್ಟು ನೋಡಿದರು. ಸರಿಯಿರುವ ಕಾರು ಒಮ್ಮೆ ಮೇಲೆದ್ದು ತನ್ನ ಮಟ್ಟಕ್ಕೆ ಬಂದು ನಿಲ್ಲಬೇಕು. ನನ್ನದು ತೊಟ್ಟಿಲಿನಂತೆ ತೂಗಿತು. "ಸ್ಪ್ರಿಂಗ್ ಚೆನ್ನಾಗೇ ಇದೆ ಸಾರ್, ಶಾಕಬ್ಸರ್ ಸತ್ತಿದೆ. ಚಕ್ರ ಹಾಕೋಕೆ ಮುಂಚೆನೇ ಸತ್ತಿತ್ತು, ಹಳೇ ಟೈರು ಮುಚ್ಚಿಟ್ಟಿತ್ತು" ಎಂದರು. ಲಿಫ್ಟಿನ ಕೆಳಗೆ ಕರೆದು ಟಾರ್ಚ್ ಬಿಟ್ಟು ತೋರಿಸಿದಾಗ ಮುಂದಿನ ಎರಡೂ ಸ್ಟ್ರಟ್‌ಗಳ ಮೈಮೇಲೆ ಎಣ್ಣೆ ಇಳಿದು, ಅದಕ್ಕೆ ಧೂಳು ಕಚ್ಚಿ, ಕಾಡಿಗೆ ಬಳಿದಂತೆ ಆಗಿತ್ತು. ನಾನು ಹೊಸ ಚಕ್ರದ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ಅರ್ಧದಷ್ಟು ಈ ಸ್ಟ್ರಟ್‌ಗಳಿಗೆ ಸೇರಬೇಕಾಗಿತ್ತು.

ಹಾಗಾಗಿ ಆರಿಸಿದ್ದು ಕಂಪನಿಯ ಮೂಲ ಅಳತೆಯದೇ ಆದ, ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್‌ಗಳನ್ನು. ಇವುಗಳೊಳಗೆ ಕಡಿಮೆ ಒತ್ತಡದಲ್ಲಿ ತುಂಬಿರುವ ನೈಟ್ರೋಜನ್, ಎಡೆಬಿಡದ ಕುಲುಕಾಟದಲ್ಲಿ ಎಣ್ಣೆ ನೊರೆಗಟ್ಟದಂತೆ ನೋಡಿಕೊಳ್ಳುತ್ತದೆ. ನೊರೆಗಟ್ಟಿದ ಎಣ್ಣೆಗೆ ಚಕ್ರವನ್ನು ತಡೆಯುವ ಶಕ್ತಿ ಇರುವುದಿಲ್ಲ. ಗೇಬ್ರಿಯಲ್, ಮನ್ರೋ, ಕೆವೈಬಿ ಹೆಸರುಗಳಲ್ಲಿ ಅಂಗಡಿಯಲ್ಲಿ ಅಂದು ಇದ್ದ ಗೇಬ್ರಿಯಲ್ ಸಾಕೆನಿಸಿತು. ಬರೀ ಶಾಕ್ ಅಬ್ಸಾರ್ಬರ್ ಬದಲಾಯಿಸಿ ಉಳಿತಾಯ ಮಾಡುವ ನನ್ನ ಯೋಚನೆಗೆ ಮೇಸ್ತ್ರಿ ಒಪ್ಪಲಿಲ್ಲ. ಬಿರುಕುಬಿಟ್ಟಿದ್ದ ಸ್ಟ್ರಟ್ ಮೌಂಟ್, ಪುಡಿಯಾಗಿದ್ದ ಬಂಪ್ ಸ್ಟಾಪ್ (ಶಾಕ್ ಅಬ್ಸಾರ್ಬರ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರು), ಹರಿದ ಧೂಳು ತಡೆಯುವ ಚೀಲ ಎಲ್ಲವನ್ನೂ ಅದೇ ಸಲಕ್ಕೆ ಬದಲಾಯಿಸಿದರು, ಏಕೆಂದರೆ ಹಾಗೆ ಮಾಡದಿದ್ದರೆ ಮುಂದಿನ ಸ್ಟ್ರಟ್ ಬಿಚ್ಚಲು ಸ್ಪ್ರಿಂಗನ್ನು ಕಂಪ್ರೆಸರ್‌ನಲ್ಲಿ ಬಿಗಿಯುವ ಕೂಲಿ ಎರಡು ಸಲ ಕೊಡಬೇಕಾಗುತ್ತದೆ.

ಕೆಲಸ ಬಲ್ಲವರ ಕೈಗೂ ಬಾರದವರ ಕೈಗೂ ಇರುವ ಅಂತರ ನನಗೆ ಕಂಡದ್ದು ಎರಡು ಕಡೆ. ಪೆಟ್ಟಿಗೆಯಿಂದ ತೆಗೆದ ಹೊಸ ಶಾಕ್ ಅಬ್ಸಾರ್ಬರನ್ನು ಹಾಗೆಯೇ ಕೂರಿಸದೆ, ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಒತ್ತಿ ಎಳೆದರು. ಗೋದಾಮಿನಲ್ಲಿ ಮಲಗಿಸಿಟ್ಟಾಗ ಒಳಗಿನ ಕೊಳವೆಗೆ ಸೇರಿದ ಗಾಳಿ ಹೀಗೆ ಹೊರಬೀಳುತ್ತದೆ, ಮೊದಲ ಎರಡು ಎಳೆತಗಳಲ್ಲಿ ಕೈಗೆ ಸಿಗುವ ಸಡಿಲು ಆಮೇಲೆ ಸಿಗುವುದಿಲ್ಲ. ಎರಡನೆಯದಾಗಿ, ಸಡಿಲಿಸಿದ್ದ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಜೋಡಿಸುವ ತೋಳು) ಬೋಲ್ಟುಗಳನ್ನು ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿಯದೆ, ನೆಲಕ್ಕಿಳಿಸಿ ಭಾರ ಚಕ್ರದ ಮೇಲೆ ಬಂದ ಮೇಲೆ ಬಿಗಿದರು. ತೂಗುತ್ತಿರುವಾಗ ಬಿಗಿದರೆ ಕಾರು ಕೆಳಗಿಳಿದಾಗ ಬುಷ್‌ನ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಇಂಥ ವಿಷಯ ಬಿಲ್ಲಿನಲ್ಲಿ ಬರುವುದಿಲ್ಲ, ಕೆಲಸ ನಡೆಯುವಾಗ ನಿಂತು ನೋಡಬೇಕು.

ಸಾಮಾನಿಗೆ 13,600, ಕೂಲಿ 2,800, ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್‌ಗೆ 900; ಒಟ್ಟು 17,300 ರೂಪಾಯಿ. ಸ್ಟ್ರಟ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲವಾದರೆ ಹೊಸ ಟೈರು ಒಂದು ಅಂಚಿನಲ್ಲಿ ತಿಂದುಹೋಗುತ್ತದೆ. ಕೆಲಸಕ್ಕೆ ಒಂದು ದಿನ ಎಂದು ಹೇಳಿ ಎರಡು ದಿನ ತೆಗೆದುಕೊಂಡದ್ದು ಮತ್ತು ಫೋನ್ ಮಾಡಿದರೆ ಎತ್ತದಿದ್ದದ್ದು ಮಾತ್ರ ಈ ಗ್ಯಾರೇಜಿನ ಬಗ್ಗೆ ನನ್ನ ದೂರು.

ಫಲ ಅಂದೇ ಗೊತ್ತಾಯಿತು. ಉಬ್ಬು ದಾಟಿದ ಮೇಲೆ ಹಿಂಭಾಗ ಒಂದೇ ಸಲಕ್ಕೆ ಕೂರುತ್ತದೆ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ತಿರುವಿನ ನಡುವೆ ಹಳ್ಳ ಸಿಕ್ಕರೂ ಕಾರು ಪಕ್ಕಕ್ಕೆ ಜಿಗಿಯುವುದಿಲ್ಲ. ಹೆದ್ದಾರಿಯಲ್ಲಿ ಮಿತಿಯಾದ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸೇತುವೆಗಳ ಜೋಡಣೆ ಬಂದಾಗ 'ಟಪ್' ಎಂಬ ಒಂದು ಸದ್ದು, ಅಷ್ಟೇ. ಆದರೂ ಸಣ್ಣ ಕಲ್ಲು, ಚೂಪಾದ ಅಂಚುಗಳ ಪೆಟ್ಟು ಮೊದಲಿನಷ್ಟೇ ಒರಟಾಗಿ ಬರುತ್ತಿತ್ತು. ಕಳೆದುಕೊಂಡ ಒಂದು ಇಂಚು ರಬ್ಬರನ್ನು ಯಾವ ಶಾಕ್ ಅಬ್ಸಾರ್ಬರೂ ತಂದುಕೊಡಲಾರದು ಎಂಬುದು, ಊರಿನ ರಸ್ತೆಯ ಗುಂಡಿಯೊಂದರಲ್ಲಿ ಮುಂದಿನ ಬಲಗಡೆಯ ಅಲಾಯ್‌ನ ಅಂಚು ಬಾಗಿದ ದಿನ ಪೂರ್ತಿ ಮನದಟ್ಟಾಯಿತು.

ಆಗ 16 ಇಂಚಿನವನ್ನು ಸಿಕ್ಕ ಬೆಲೆಗೆ ಮಾರಿ, ಜೆಡ್‌ಎಕ್ಸ್‌ಐ ಕಾರಿನಿಂದ ಬಿಚ್ಚಿದ ಕಂಪನಿಯ 15 ಇಂಚಿನ ಅಲಾಯ್‌ಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು 185/65 ಟೈರು ಹಾಕಿಸಿದೆ. ಪಕ್ಕದ ಗೋಡೆ 120 ಮಿ.ಮೀ.; ಒಟ್ಟು ವ್ಯಾಸ ಮತ್ತೆ 621ರ ಹತ್ತಿರವೇ. ನಾಲ್ಕು ಬೋಲ್ಟಿನ 100 ಮಿ.ಮೀ. ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) ಎಷ್ಟೋ ಕಾರುಗಳಿಗೆ ಒಂದೇ. ಚಕ್ರದ ನಡುವಿನ ಹಬ್ಬಿನ ರಂಧ್ರ 54.1 ಮಿ.ಮೀ. ಇದ್ದು ಉಂಗುರವಿಲ್ಲದೆ ಕೂರುವುದು, ಆಫ್‌ಸೆಟ್ (ಚಕ್ರದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖದ ದೂರ) ಸರಿಯಿದ್ದು ಚಕ್ರ ಹೊರಚಾಚದಿರುವುದು ಕಂಪನಿಯ ಚಕ್ರದ ಅನುಕೂಲ. ಹೊರಚಾಚಿದ ಚಕ್ರ ವೀಲ್ ಬೇರಿಂಗಿನ ಮೇಲೆ ಸನ್ನೆಕೋಲಿನಂತೆ ಒತ್ತುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನದ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡನ್ನು ನಿಷೇಧಿಸುವುದರಿಂದ, ಅದೇ ಮಾದರಿಯ ಮೇಲಿನ ದರ್ಜೆಗೆ ಕಂಪನಿಯೇ ಕೊಟ್ಟ ಅಳತೆಯಲ್ಲಿ ಉಳಿಯುವುದು ಕ್ಷೇಮವೆಂದೂ ನನಗೆ ತೋರಿತು, ವಿಮೆಯವರಿಗೂ ತಿಳಿಸಿದ್ದೇನೆ. ಟೈರು ಕೊಳ್ಳುವವರು ಅಳತೆಯ ಪಕ್ಕದಲ್ಲಿರುವ ಭಾರದ ಅಂಕಿಯನ್ನೂ ನೋಡಬೇಕು: 88 ಎಂದರೆ ಒಂದು ಟೈರು 560 ಕಿಲೋ ಹೊರಬಲ್ಲದು, 85 ಎಂದರೆ 515.

ಈಗ ಒಂಬತ್ತು ಸಾವಿರ ಕಿಲೋಮೀಟರ್ ಆಗಿದೆ. ಟೈರು ನಾಲ್ಕೂ ಸಮವಾಗಿ ಸವೆಯುತ್ತಿವೆ, ಸ್ಟ್ರಟ್‌ಗಳ ಮೈ ಒಣಗಿದೆ, ಅಮ್ಮ ಹಿಂದಿನ ಸೀಟಿನಲ್ಲಿ ಪಾಂಡವಪುರದವರೆಗೆ ನಿದ್ದೆ ಮಾಡುತ್ತಾರೆ. ಲೋಯರ್ ಆರ್ಮ್ ಬುಷ್‌ಗಳು ಇನ್ನೂ ಹಳೆಯವೇ. ಮನೆಯ ಗೇಟಿನ ಇಳಿಜಾರಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಎಡಗಡೆ ಸಣ್ಣ 'ಟಕ್' ಸದ್ದು ಕೇಳುತ್ತಿದೆ, ಮುಂದಿನ ಸರ್ವಿಸಿನಲ್ಲಿ ಅವನ್ನು ಬದಲಾಯಿಸಲು ಹೇಳಿದ್ದೇನೆ.