10×50 ಬೈನಾಕ್ಯುಲರ್ ರಿವ್ಯೂ: ನಲವತ್ತೇಳರಲ್ಲಿ ಬಿಎಸ್ಸಿ ಓದೋರ ಕಣ್ಣಿಗೆ

ಟೆಲಿಸ್ಕೋಪ್ ತಗೋಳಕ್ಕೆ ಹೋದೋನು ಬೈನಾಕ್ಯುಲರ್ ಹಿಡ್ಕೊಂಡು ಬಂದೆ, ಮೂರು ತಿಂಗಳಾಯ್ತು, ಬೇಜಾರಿಲ್ಲ. ನನಗೆ 47 ವಯಸ್ಸು, ಡಿಸ್ಟೆನ್ಸ್‌ನಲ್ಲಿ ಬಿಎಸ್ಸಿ ಫಿಸಿಕ್ಸ್ ಸೇರ್ಕೊಂಡಿದೀನಿ, ಹಗಲು ಆಫೀಸು ರಾತ್ರಿ ಇಂಟಿಗ್ರೇಷನ್ನು, ಎರಡನೇ ಸೆಮಿಸ್ಟರ್‌ಗೆ ಬರೋ ಹೊತ್ತಿಗೆ ಪುಸ್ತಕ ತೆಗೆದ್ರೆ ಆಕಳಿಕೆ, ಈ ವಯಸ್ಸಲ್ಲಿ ಯಾಕಪ್ಪಾ ಬೇಕಿತ್ತು ಅನ್ನೋ ತರ ಆಗಿತ್ತು.

10×50ಯೇ ಯಾಕೆ ಅಂದ್ರೆ, 50 ಅಂದ್ರೆ ಮುಂದಿನ ಲೆನ್ಸಿನ ಅಗಲ ಮಿಲಿಮೀಟರಲ್ಲಿ, 10 ಅಂದ್ರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣತ್ತೆ ಅಂತ, ಭಾಗಿಸಿದ್ರೆ 5, ಕಣ್ಣಿಗೆ ಬರೋ ಬೆಳಕು 5 ಮಿಮೀ ದಪ್ಪ. ಹುಡುಗ್ರ ಕಣ್ಣಪಾಪೆ ಕತ್ತಲಲ್ಲಿ 7 ಮಿಮೀ ತನಕ ಅರಳತ್ತೆ, ನಮ್ಮದು ಐದರ ಹತ್ರಕ್ಕೆ ಇಳಿದಿರತ್ತೆ. ನಾನೇನಾದ್ರೂ 7×50 ತಗೊಂಡಿದ್ರೆ ಹೆಚ್ಚುಕಮ್ಮಿ ಅರ್ಧ ಬೆಳಕು ಪಾಪೆ ಹೊರಗೇ ಚೆಲ್ಲಿ ಹೋಗ್ತಿತ್ತು. ಅಂಗಡಿಯವ್ರು ಇದನ್ನ ಹೇಳಲ್ಲ.

ಬ್ರ್ಯಾಂಡ್ ಹೆಸರು ಬಿಡಿ. ಮೊದಲು ಬಂದ ಪೀಸಲ್ಲಿ ಎರಡು ಕೊಳವೆ ಒಂದಕ್ಕೊಂದು ಹೊಂದ್ತಿರ್ಲಿಲ್ಲ, ಒಂದು ನಕ್ಷತ್ರ ಎರಡಾಗಿ ಕಾಣೋದು, ತಲೆನೋವು ಬೇರೆ, ವಾಪಸ್ ಕಳಿಸಿ ಬೇರೆ ತರಿಸ್ಕೊಂಡೆ. ನೀವು ತಗೊಂಡ್ರೂ ಮೊದಲ ರಾತ್ರಿನೇ ಒಂದು ನಕ್ಷತ್ರ ನೋಡಿ ಚೆಕ್ ಮಾಡ್ಕೊಳಿ. ಕುತ್ತಿಗೆಗೆ ಹಾಕೋ ಪಟ್ಟಿ ತಿಂಗಳಿಗೇ ಕಿತ್ತೋಯ್ತು, ಹಳೇ ಆಫೀಸ್ ಬ್ಯಾಗಿಂದು ಹಾಕಿದೀನಿ. ಕೈಯಲ್ಲಿ ಹಿಡಿದ್ರೆ ನಡುಗತ್ತೆ, ಟ್ರೈಪಾಡ್ ಇಲ್ದೆ ಇದ್ರೆ ತಾರಸಿ ನೀರಿನ ಟ್ಯಾಂಕ್ ಮೇಲೆ ದಿಂಬು ಇಟ್ಟು ಅದರ ಮೇಲೆ ಊರಿ.

ಇನ್ನು ಅಸಲಿ ವಿಷ್ಯ. 2026ರ ಜನವರಿಲಿ ಗುರು ಮಿಥುನದಲ್ಲಿ, ಪುನರ್ವಸು ಜೋಡಿ ನಕ್ಷತ್ರದ ಹತ್ರಾನೇ ಇದ್ದ, ನಮ್ಮಿಂದ ಸುಮಾರು 63 ಕೋಟಿ ಕಿಮೀ, ಬೆಳಕಿಗೆ 35 ನಿಮಿಷದ ದಾರಿ. ದಿಂಬಿನ ಮೇಲೆ ಊರಿ ನೋಡಿದ್ರೆ ಪುಟ್ಟ ಬಿಳಿ ಬಟ್ಟು, ಪಕ್ಕದಲ್ಲಿ ಸೂಜಿ ಚುಚ್ಚಿದಂಗೆ ಎರಡು ಚುಕ್ಕಿ. ಗುರುವಿನ ಚಂದ್ರಗಳು, ಗ್ಯಾನಿಮೀಡ್, ಕ್ಯಾಲಿಸ್ಟೋ. ಇನ್ನೆರಡು ಚಂದ್ರ ಅಯೋ, ಯುರೋಪಾ ಎಷ್ಟೋ ಸಲ ಗುರುವಿನ ಹೊಳಪಲ್ಲೇ ಮುಳುಗಿರ್ತವೆ, ಸಲೀಸಾಗಿ ಕಾಣ್ಬೇಕಂದ್ರೆ ಟೆಲಿಸ್ಕೋಪ್ ಬೇಕು. 1610ರ ಜನವರಿಲಿ ಗೆಲಿಲಿಯೋ ನಾಲ್ಕನ್ನೂ ಹಿಡಿದಿದ್ದ, ಅವನದು ಸುಮಾರು 20 ಪಟ್ಟಿನ ಕೊಳವೆ.

ದಿನಾ ಒಂದೇ ಟೈಮಿಗೆ ಹೋಗಿ ಮಗಳ ಹಳೇ ಗ್ರಾಫ್ ಬುಕ್ಕಲ್ಲಿ ಗ್ಯಾನಿಮೀಡ್ ಎಲ್ಲಿದೆ ಅಂತ ಚುಕ್ಕಿ ಹಾಕ್ತಾ ಬಂದೆ, ಎರಡು ವಾರ, ನಡುವೆ ಮೂರು ದಿನ ಮೋಡ. ಚುಕ್ಕಿ ಸೇರಿಸಿ ಗೆರೆ ಎಳೆದ್ರೆ ಅಲೆ ತರ ಏರಿಳಿಯೋ ಸೈನ್ ಕರ್ವ್! ನನ್ನ ಲೆಕ್ಕದಲ್ಲಿ ಒಂದು ಸುತ್ತಿಗೆ ಏಳೂಕಾಲು ದಿನ, ಪುಸ್ತಕದಲ್ಲಿ 7.15. ವೃತ್ತದಲ್ಲಿ ಸುತ್ತೋದನ್ನ ಪಕ್ಕದಿಂದ ನೋಡಿದ್ರೆ ಅದೇ ಸರಳ ಹಾರ್ಮೋನಿಕ್ ಚಲನೆ, ಅಂದ್ರೆ ಲೋಲಕದ ತರ ಆ ಕಡೆ ಈ ಕಡೆ ಆಡೋದು ಅಂತ ಪಿಯುಸಿಲೂ ಬಾಯಿಪಾಠ ಮಾಡಿದ್ದೆ ಮೊನ್ನೆನೂ ಮಾಡಿದ್ದೆ, ಆದ್ರೆ ಅವತ್ತು ಟ್ಯಾಂಕ್ ಪಕ್ಕ ಸ್ವೆಟರ್ ಹಾಕ್ಕೊಂಡು ನಿಂತಾಗ ಆ ಚುಕ್ಕಿ ಪಕ್ಕಕ್ಕೆ ಜರುಗ್ತಿಲ್ಲ, ನನ್ನ ಕಡೆಗೆ ಬಂದು ಸುತ್ತು ಹಾಕ್ತಿದೆ ಅನ್ಸಿ ಮೈ ಜುಮ್ಮಂತು. ಕೆಳಗಿಳಿದು ರಾತ್ರಿ ಒಂದೂವರೆ ತನಕ ಆ ಚಾಪ್ಟರಿನ ಲೆಕ್ಕ ಮಾಡ್ದೆ, ಯಾರೂ ಹೇಳದೇನೇ.

ಒಂಬತ್ತು ಸಾವಿರದ ಆಸುಪಾಸು ಆಯ್ತು, ಐದಕ್ಕೆ ನಾಲ್ಕು ಸ್ಟಾರ್, ಒಂದು ಸ್ಟಾರ್ ಆ ಪಟ್ಟಿಗೆ ಕಟ್. ಈಗ ಕ್ಯಾಲಿಸ್ಟೋ ಶುರು ಮಾಡಿದೀನಿ, ಅದಕ್ಕೆ ಒಂದು ಸುತ್ತಿಗೆ 16.7 ದಿನ, ಮೋಡ ಬರದೇ ಇರ್ಲಿ.