ಡೇಕೇರ್ ಫೀಸಿಗೆ ಎಫ್‌ಎಸ್‌ಎಯೋ, ಟ್ಯಾಕ್ಸ್ ಕ್ರೆಡಿಟ್ಟೋ? ಹೆಲ್ತ್ ಎಫ್‌ಎಸ್‌ಎಗೆ ಎಷ್ಟು ಹಾಕಬೇಕು?

ಅಮೆರಿಕದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದು, ಮಗು ಡೇಕೇರ್‌ಗೆ ಹೋಗುತ್ತಿದ್ದರೆ ನನ್ನ ಓಟು ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎಗೆ. ಎಫ್‌ಎಸ್‌ಎ ಅಂದರೆ ತೆರಿಗೆ ಕಡಿಯುವ ಮೊದಲೇ ಸಂಬಳದಿಂದ ದುಡ್ಡು ತೆಗೆದಿಡುವ, ಕಂಪನಿ ಮೂಲಕದ ಖಾತೆ; ಡಿಪೆಂಡೆಂಟ್ ಕೇರ್‌ನದು ಮಕ್ಕಳ ಆರೈಕೆಗೆ, ಹೆಲ್ತ್‌ನದು ಚಿಕಿತ್ಸೆಗೆ. ಓಪನ್ ಎನ್‌ರೋಲ್‌ಮೆಂಟ್ (ಕಂಪನಿಯ ಸೌಲಭ್ಯಗಳನ್ನು ಆರಿಸಿಕೊಳ್ಳುವ ಅವಧಿ) ಬಂದಾಗ ಮೊದಲು ಅದನ್ನು ಮಿತಿಯವರೆಗೂ ತುಂಬಿಸಿ, ಆಮೇಲೆ ಹೆಲ್ತ್ ಎಫ್‌ಎಸ್‌ಎ ಕಡೆ ನೋಡಿ. ಡೇಕೇರ್ ಫೀಸು ತಿಂಗಳಿಗೆ ಇಷ್ಟು ಅಂತ ಮೊದಲೇ ಗೊತ್ತಿರುತ್ತದೆ, ಹಲ್ಲುನೋವು ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ. ಎಫ್‌ಎಸ್‌ಎಯಲ್ಲಿ ಖರ್ಚಾಗದೆ ಉಳಿದ ದುಡ್ಡು ಬಹುಮಟ್ಟಿಗೆ ಹೋದ ಹಾಗೆಯೇ. ಆದ್ದರಿಂದ ಖಚಿತವಾದ ಖರ್ಚಿಗೆ ಮಾತ್ರ ಅದು ಸರಿ.

2021ರ ಒಂದು ವರ್ಷ ಬಿಟ್ಟರೆ ದಶಕಗಳಿಂದ 5,000 ಡಾಲರಿನಲ್ಲೇ ನಿಂತಿದ್ದ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎಯ ವರ್ಷದ ಮಿತಿ 2026ರಿಂದ 7,500 ಆಗಿದೆ. ಇದು ಮಗುವಿಗೆ ಇಷ್ಟು ಅಂತಲ್ಲ, ಇಡೀ ಮನೆಗೆ. ಇಬ್ಬರ ಕಂಪನಿಯಲ್ಲೂ ಈ ಸೌಲಭ್ಯ ಇದ್ದರೂ ಸೇರಿಸಿ 7,500 ಮಾತ್ರ. ಕಂಪನಿ ತನ್ನ ಪ್ಲಾನನ್ನು ಬದಲಾಯಿಸಿಕೊಳ್ಳದಿದ್ದರೆ ಹಳೆಯ 5,000 ದಾಟಲಾಗದು, ಅದನ್ನು ಎಚ್‌ಆರ್‌ಗೆ ಕೇಳಿಯೇ ಖಚಿತಪಡಿಸಿಕೊಳ್ಳಬೇಕು.

ಇದರ ನಿಜವಾದ ಎದುರಾಳಿ ಹೆಲ್ತ್ ಎಫ್‌ಎಸ್‌ಎ ಅಲ್ಲ, ತೆರಿಗೆ ರಿಟರ್ನ್‌ನಲ್ಲಿ ಸಿಗುವ ಡಿಪೆಂಡೆಂಟ್ ಕೇರ್ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಸಿಗುವ ಕಡಿತ. ಇಬ್ಬರ ಆದಾಯ ಸೇರಿ 1,80,000 ಡಾಲರ್, ಜಂಟಿ ರಿಟರ್ನ್ ಅಂದುಕೊಳ್ಳಿ. ಎಫ್‌ಎಸ್‌ಎಗೆ ಹಾಕಿದ ದುಡ್ಡಿಗೆ 22% ಫೆಡರಲ್ ತೆರಿಗೆಯೂ ಇಲ್ಲ, 7.65% ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತವೂ ಇಲ್ಲ (ನಿವೃತ್ತಿ ಖಾತೆಯಾದ 401ಕೆಗೆ ಹಾಕಿದರೆ ಈ ಎರಡನೆಯ ಕಡಿತ ತಪ್ಪುವುದಿಲ್ಲ). 7,500ಕ್ಕೆ ಸುಮಾರು 2,220 ಡಾಲರ್ ಕೈಯಲ್ಲಿ ಉಳಿಯಿತು. ಅದೇ ಆದಾಯಕ್ಕೆ 2026ರ ಕ್ರೆಡಿಟ್ ದರ 27%. ಲೆಕ್ಕಕ್ಕೆ ಹಿಡಿಯುವ ಖರ್ಚು ಒಂದು ಮಗುವಿಗೆ 3,000, ಇಬ್ಬರು ಅಥವಾ ಹೆಚ್ಚು ಮಕ್ಕಳಿದ್ದರೆ 6,000. ಅಂದರೆ 810 ಇಲ್ಲವೇ 1,620 ಡಾಲರ್. ಎರಡನ್ನೂ ಪೂರ್ತಿ ಪಡೆಯುವ ಹಾಗಿಲ್ಲ, ಎಫ್‌ಎಸ್‌ಎಯಿಂದ ಬಂದಷ್ಟು ಮೊತ್ತ ಕ್ರೆಡಿಟ್‌ನ ಮಿತಿಯಿಂದ ಕಳೆದುಹೋಗುತ್ತದೆ. ಕ್ರೆಡಿಟ್ ಗೆಲ್ಲುವ ಮನೆಗಳೂ ಇವೆ. ಆದಾಯ 60,000ದ ಆಸುಪಾಸು, ಇಬ್ಬರು ಮಕ್ಕಳು ಅಂದರೆ ಕ್ರೆಡಿಟ್ 35%, 2,100 ಡಾಲರ್‌ವರೆಗೆ. ಅಲ್ಲಿ ಎಫ್‌ಎಸ್‌ಎ ಉಳಿತಾಯ 1,500ನ್ನೂ ಮುಟ್ಟುವುದಿಲ್ಲ.

ಇನ್ನು ತಲೆನೋವಿನ ವಿಷಯಕ್ಕೆ ಬರೋಣ: ಡೇಕೇರ್ ನಡೆಸುವವರ ಟ್ಯಾಕ್ಸ್ ನಂಬರ್. ದೊಡ್ಡ ಸೆಂಟರ್‌ಗಳಲ್ಲಿ ಇನ್‌ವಾಯ್ಸ್ ಮೇಲೇ ಇಐಎನ್ (ವ್ಯವಹಾರದ ಟ್ಯಾಕ್ಸ್ ನಂಬರ್) ಅಚ್ಚಾಗಿರುತ್ತದೆ, ಮಾತೇ ಬೇಡ. ಆದರೆ ನಮ್ಮವರಲ್ಲಿ ಎಷ್ಟೋ ಮಂದಿ ಮಗುವನ್ನು ಬಿಡುವುದು ಪಕ್ಕದ ಬೀದಿಯ ಆಂಟಿಯ ಮನೆಯಲ್ಲಿ. ಅನ್ನ ಸಾರು ತಿನ್ನಿಸುತ್ತಾರೆ, ಕನ್ನಡದಲ್ಲೇ ಮಾತಾಡಿಸುತ್ತಾರೆ. ಫೀಸು ಮಾತ್ರ ಕ್ಯಾಶ್ ಕೊಡಿ ಅನ್ನುತ್ತಾರೆ, ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಕೇಳಿದರೆ ಮುಖ ಬಿಗಿಯುತ್ತದೆ. ಆ ನಂಬರಿಲ್ಲದೆ ರಿಟರ್ನ್ ಜೊತೆ ಕೊಡುವ ಫಾರ್ಮ್ 2441ರ ಮೊದಲ ಭಾಗ ತುಂಬುವುದಿಲ್ಲ. 2441 ಸರಿಯಿಲ್ಲದಿದ್ದರೆ ಎಫ್‌ಎಸ್‌ಎ ದುಡ್ಡಿನ ಮೇಲೆ ತೆರಿಗೆ ಬೀಳುವ ಅಪಾಯವಿದೆ. ಕ್ರೆಡಿಟ್‌ಗೂ ಇದೇ ಫಾರ್ಮ್, ಹಾಗಾಗಿ ಆ ಕಡೆ ಹೊರಳಿದರೂ ತಪ್ಪಿಸಿಕೊಳ್ಳಲಾಗದು.

ಮಗುವನ್ನು ಸೇರಿಸುವ ಮೊದಲೇ ಕೇಳಿಬಿಡಿ, ಒಂದು ವರ್ಷ ಬಿಟ್ಟ ಮೇಲೆ ಕೇಳಿದರೆ ಇಬ್ಬರಿಗೂ ಮುಜುಗರ. ಫಾರ್ಮ್ ಡಬ್ಲ್ಯು-10 ಪ್ರಿಂಟ್ ಮಾಡಿ ಕೈಗೆ ಕೊಡಿ, ಹೆಸರು, ವಿಳಾಸ, ನಂಬರ್, ಸಹಿ ಅಷ್ಟೇ ಅದರಲ್ಲಿರುವುದು. ಎಸ್‌ಎಸ್‌ಎನ್ ಕೊಡಲು ಹೆದರುವವರಿಗೆ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಸೈಟಿನಲ್ಲಿ ಇಐಎನ್ ಪುಕ್ಕಟೆ ಸಿಗುತ್ತದೆಂದು ಹೇಳಿ, ಎಷ್ಟೋ ಸಲ ಅಲ್ಲಿಗೆ ಗಂಟು ಬಿಡಿಸಿಕೊಳ್ಳುತ್ತದೆ. ಆಗಲೂ ಒಪ್ಪದಿದ್ದರೆ ನೀವು ಕೇಳಿದ್ದಕ್ಕೆ ದಾಖಲೆ ಇಟ್ಟುಕೊಂಡು, ಕೇಳಿದರೂ ಕೊಡಲಿಲ್ಲ ಎಂಬ ಹೇಳಿಕೆಯನ್ನು ರಿಟರ್ನ್ ಜೊತೆ ಲಗತ್ತಿಸುವ ದಾರಿಯನ್ನು ಐಆರ್‌ಎಸ್ ಇಟ್ಟಿದೆ. ಫೀಸನ್ನು ಚೆಕ್ಕಿನಲ್ಲೋ ಬ್ಯಾಂಕ್ ಮೂಲಕವೋ ಕೊಡಿ. ಕ್ಯಾಶ್‌ಗೆ ಐವತ್ತು ಡಾಲರ್ ಕಡಿಮೆ ಮಾಡುತ್ತೇವೆ ಎಂದರೂ ಆ ರಿಯಾಯಿತಿ ತೆರಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ ಸಮವಲ್ಲ.

ಎಚ್-4 ವೀಸಾದಲ್ಲಿದ್ದು ವರ್ಕ್ ಪರ್ಮಿಟ್ ಇಲ್ಲದ ಸಂಗಾತಿಗೆ ವರ್ಷವಿಡೀ ಆದಾಯವಿಲ್ಲದಿದ್ದರೆ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎಗೆ ಕೈಹಾಕಬೇಡಿ. ಇಬ್ಬರಲ್ಲಿ ಕಡಿಮೆ ದುಡಿಯುವವರ ಆದಾಯವೇ ಮಿತಿ, ಅದು ಸೊನ್ನೆಯಾದರೆ ವಿನಾಯಿತಿಯೂ ಸೊನ್ನೆ. ಸಂಗಾತಿ ಫುಲ್‌ಟೈಮ್ ಓದುತ್ತಿದ್ದರೆ ಓದಿನ ತಿಂಗಳಿಗೆ 250 ಡಾಲರ್, ಇಬ್ಬರು ಮಕ್ಕಳಿದ್ದರೆ 500 ಡಾಲರ್ ಆದಾಯವಿದೆ ಎಂದು ಹಿಡಿಯುತ್ತಾರೆ.

ಡೇ ಕ್ಯಾಂಪ್, ಪ್ರೀಸ್ಕೂಲ್, ಶಾಲೆ ಬಿಟ್ಟ ಮೇಲಿನ ಕೇರ್ ಸೇರುತ್ತವೆ. ಕಿಂಡರ್‌ಗಾರ್ಟನ್ ಫೀಸು, ರಾತ್ರಿ ತಂಗುವ ಕ್ಯಾಂಪ್, ಭಾನುವಾರದ ಕನ್ನಡ ತರಗತಿ ಸೇರುವುದಿಲ್ಲ. ಸಾಮಾನ್ಯವಾಗಿ ಮಗುವಿಗೆ ಹದಿಮೂರು ತುಂಬಿದ ದಿನದಿಂದ ಅದರ ಖರ್ಚು ಸೇರುವುದು ಬಂದ್.

ಡಿಪೆಂಡೆಂಟ್ ಕೇರ್ ಖಾತೆಯಲ್ಲಿ ಸಂಬಳದಿಂದ ಕಟ್ಟಾದಷ್ಟೇ ವಾಪಸ್ ಬರುವುದು. ವರ್ಷಕ್ಕೆ 26 ಸಂಬಳವಾದರೆ ಪ್ರತಿ ಸಲ 288 ಡಾಲರ್. ಜನವರಿಯಲ್ಲಿ 1,400ರ ಬಿಲ್ ಹಾಕಿದರೂ ಮೊದಲು ಆ 288 ಬರುತ್ತದೆ, ಉಳಿದದ್ದು ದುಡ್ಡು ಜಮೆಯಾದ ಹಾಗೆ ಕಂತಿನಲ್ಲಿ. ವರ್ಷದ ಮೊದಲ ತಿಂಗಳುಗಳಲ್ಲಿ ಫೀಸನ್ನು ಜೇಬಿನಿಂದ ಕಟ್ಟುವಷ್ಟು ಗಂಟು ಇರಲೇಬೇಕು.

ಹೆಲ್ತ್ ಎಫ್‌ಎಸ್‌ಎ ಇದಕ್ಕೆ ಉಲ್ಟಾ. ಪ್ಲಾನ್ ವರ್ಷ ಜನವರಿ 1ಕ್ಕೆ ಶುರುವಾದರೆ ಆ ದಿನವೇ ವರ್ಷದ ಪೂರ್ತಿ ಮೊತ್ತ ಬಳಸಬಹುದು. 2026ರ ಮಿತಿ 3,400, ಇಬ್ಬರೂ ದುಡಿದರೆ ತಲಾ ಅಷ್ಟು. ಮುಂದಿನ ವರ್ಷಕ್ಕೆ 680ರವರೆಗೆ ಒಯ್ಯುವ ಅವಕಾಶವನ್ನೋ, ಎರಡೂವರೆ ತಿಂಗಳ ಹೆಚ್ಚುವರಿ ಗಡುವನ್ನೋ ಕಂಪನಿ ಕೊಡಬಹುದು, ಎರಡನ್ನೂ ಅಲ್ಲ, ಕೊಡಲೇಬೇಕೆಂದೂ ಇಲ್ಲ. ಕನ್ನಡಕ, ಹಲ್ಲಿನ ಕ್ರೌನ್, ಮಗುವಿನ ಬ್ರೇಸಸ್, ಹೀಗೆ ಈಗಾಗಲೇ ನಿಗದಿಯಾದದ್ದನ್ನು ಕೂಡಿಸಿ ಅಷ್ಟೇ ಹಾಕುವುದು ನನ್ನ ಪದ್ಧತಿ. ಕಾರ್ಡ್ ಸ್ಲಿಪ್ ಪುರಾವೆಯಲ್ಲ. ರೋಗಿಯ ಹೆಸರು, ಚಿಕಿತ್ಸೆಯ ದಿನಾಂಕ, ಯಾವ ಚಿಕಿತ್ಸೆ, ಎಷ್ಟು ಎಂದು ಬರೆದ ಬಿಲ್ ಬೇಕು. ರಜೆಗೆ ಹೋದಾಗ ಬೆಂಗಳೂರಿನಲ್ಲಿ ಮಾಡಿಸಿದ ರೂಟ್ ಕೆನಾಲ್ ಕೂಡ ಸೇರುತ್ತದೆ, ವಿಮಾನದ ಟಿಕೆಟ್ ಸೇರುವುದಿಲ್ಲ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಔಷಧಿಯೂ ಇಲ್ಲ.

ಎಚ್‌ಎಸ್‌ಎ (ಕೆಲವು ಆರೋಗ್ಯ ವಿಮೆಗಳ ಜೊತೆ ಸಿಗುವ, ಚಿಕಿತ್ಸೆಗಾಗಿ ಕೂಡಿಡುವ ಖಾತೆ) ಕಟ್ಟುತ್ತಿರುವವರು ಸಾಮಾನ್ಯ ಹೆಲ್ತ್ ಎಫ್‌ಎಸ್‌ಎ ತೆಗೆದುಕೊಳ್ಳುವಂತಿಲ್ಲ. ಸಂಗಾತಿ ತೆಗೆದುಕೊಂಡರೂ ಎಚ್‌ಎಸ್‌ಎಗೆ ದುಡ್ಡು ಹಾಕುವ ನಿಮ್ಮ ಅರ್ಹತೆ ಕೆಡುತ್ತದೆ. ಹಲ್ಲು, ಕಣ್ಣಿಗೆ ಮಾತ್ರ ಇರುವ ಲಿಮಿಟೆಡ್ ಪರ್ಪಸ್ ಖಾತೆಯಾದರೆ ತೊಂದರೆಯಿಲ್ಲ.

ನಡುವೆ ಕೆಲಸ ಬಿಡುವ ಅಂದಾಜಿದ್ದರೆ ಹೆಲ್ತ್ ಎಫ್‌ಎಸ್‌ಎ ಮೊತ್ತವನ್ನು ಕೊನೆಯ ದಿನಕ್ಕೆ ಮೊದಲೇ ಖರ್ಚು ಮಾಡಿ. ಕಟ್ಟಿದ್ದಕ್ಕಿಂತ ಹೆಚ್ಚು ಬಳಸಿದ್ದರೂ ಕಂಪನಿ ಅದನ್ನು ವಾಪಸ್ ಕೇಳುವಂತಿಲ್ಲ. ಡಿಪೆಂಡೆಂಟ್ ಕೇರ್‌ನಲ್ಲಿ ಉಳಿದದ್ದನ್ನು ಕೆಲಸ ಬಿಟ್ಟ ಬಳಿಕದ ಡೇಕೇರ್ ಬಿಲ್ಲಿಗೂ ಬಳಸಲು ಕೆಲವು ಪ್ಲಾನ್‌ಗಳು ಬಿಡುತ್ತವೆ, ರಾಜೀನಾಮೆ ಕೊಡುವ ಮುಂಚೆ ಪ್ಲಾನ್ ಡಾಕ್ಯುಮೆಂಟ್ ತೆಗೆದು ನೋಡಿ.